ಖಾಲಿ ಸ್ಲಾಟ್

ಪವಿತ್ರಾ ಲ್ಯಾಪ್‌ಟಾಪನ್ನು ಮಗುಚಿ ಹಾಕಿ ಅಡಿಭಾಗದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದಳು. ಉದ್ದದವನ್ನು ಒಂದು ಬಾಟಲಿ ಮುಚ್ಚಳದಲ್ಲಿ, ಗಿಡ್ಡದವನ್ನು ಇನ್ನೊಂದರಲ್ಲಿ ಇಟ್ಟಳು. ಅದು ಕಂಪ್ಯೂಟರ್ ರಿಪೇರಿ ಅಂಗಡಿ. ಹೊರಗೆ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕಳಸದ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ.

ಬೆಂಚಿನ ಮೇಲೆ ಕೂತಿದ್ದ ವಿಮಲಮ್ಮ ಅವಳ ಕೈಯನ್ನೇ ನೋಡುತ್ತಿದ್ದರು. ಅವರದು ದೊಡ್ಡ ಕಾಫಿ ಎಸ್ಟೇಟು. ಲ್ಯಾಪ್‌ಟಾಪ್ ಅವರ ಒಬ್ಬನೇ ಮಗ ಮೋಹಿತನದು. ಎರಡು ತಿಂಗಳ ಹಿಂದೆ ಬೆಂಗಳೂರಿನಿಂದ ತರಿಸಿದ್ದು, ಆಟ ಆಡಲೆಂದೇ ತಯಾರಿಸಿದ್ದು. ಎರಡು ಸಾವಿರದ ಎಂಟರಲ್ಲಿ ಮೂಡಿಗೆರೆಯ ಸುತ್ತಮುತ್ತ ಅಂಥದ್ದು ಇನ್ನೊಂದು ಇರಲಿಲ್ಲ.

"ಎಂಥ ಭಾರ ಮಾರಾಯ ಇದು!" ಎಂದ ಅಂಗಡಿಯ ಮಾಲೀಕ ಓಂಕಾರಮೂರ್ತಿ. "ತೊಡೆ ಮೇಲೆ ಇಟ್ಕೊಂಡ್ರೆ ತೊಡೆ ಉಳೀತದಾ?"

"ಸುಟ್ಟೇ ಹೋಗ್ತದೆ ಅಂಕಲ್," ಮೇಜಿಗೆ ಒರಗಿ ನಿಂತಿದ್ದ ಮೋಹಿತ ನಕ್ಕ. ಹತ್ತೊಂಬತ್ತರ ಹುಡುಗ. ಕಣ್ಣುಗಳು ಕೆಂಪಗಿದ್ದವು, ಕೆನ್ನೆ ಒಳಗೆ ಹೋಗಿತ್ತು. "ಒಂದು ಗಂಟೆ ಆಡೋಷ್ಟರಲ್ಲಿ ಕಾದು ಆಫ್ ಆಗ್ತದೆ. ನಾನು ರೂಮಿಂದ ಹೊರಗೆ ಬರೋದೇ ಆವಾಗ."

ಓಂಕಾರಮೂರ್ತಿ ನಕ್ಕ. ವಿಮಲಮ್ಮ ನಗಲಿಲ್ಲ.

"ಪವಿತ್ರಕ್ಕ, ಹುಷಾರು. ಜೀವ ಇರೋದೇ ಅದರಲ್ಲಿ," ಎಂದ ಮೋಹಿತ.

ಅವನು ಅಕ್ಕ ಎನ್ನುವುದಕ್ಕೆ ಕಾರಣವಿತ್ತು. ಪವಿತ್ರಾ ಏಳನೇ ಕ್ಲಾಸಿನಲ್ಲಿದ್ದಾಗ ವಿಮಲಮ್ಮ ಅವಳನ್ನು ಶಾಲೆ ಬಿಡಿಸಿ ಬಂಗಲೆಗೆ ಕರೆಸಿಕೊಂಡಿದ್ದರು, ಇವನನ್ನು ಆಡಿಸಲು. ಅಂಗಳದಲ್ಲಿ ಅವನ ಹಿಂದೆ ಓಡಾಡಿ ತುತ್ತು ಇಟ್ಟವಳು ಅವಳೇ. ಅವಳ ತಾಯಿ ಯಲ್ಲಮ್ಮ ಇದ್ದದ್ದು ಅದೇ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿ. ಒಂದು ವರ್ಷ ಕಾಫಿ ಕುಯ್ಲಿನ ಹೊತ್ತಿಗೆ ಯಲ್ಲಮ್ಮ ಜ್ವರ ಹಿಡಿದು ಮಲಗಿದಳು. ಮಗಳನ್ನು ಒಮ್ಮೆ ಕಳಿಸಿಕೊಡಿ ಎಂದು ಮೇಸ್ತ್ರಿಯ ಹತ್ತಿರ ಹೇಳಿಕಳಿಸಿದಳು. ಮತ್ತೆ ಮತ್ತೆ ಹೇಳಿಕಳಿಸಿದಳು.

"ಬಂಗಲೆ ತುಂಬ ನೆಂಟರು. ಕುಯ್ಲು ಮುಗೀಲಿ, ಕಳಿಸಿದ್ರಾಯ್ತು," ಎಂದಿದ್ದರು ವಿಮಲಮ್ಮ.

ಆ ಮಾತು ಪವಿತ್ರಾಳ ಕಿವಿಗೆ ಬಿದ್ದದ್ದು ತಾಯಿಯನ್ನು ಮಣ್ಣು ಮಾಡಿದ ಮೇಲೆ. ಅವಳು ಜಗಳವಾಡಲಿಲ್ಲ. ಅತ್ತದ್ದನ್ನೂ ಯಾರೂ ನೋಡಲಿಲ್ಲ. ಇನ್ನೂ ಕೆಲವು ವರ್ಷ ತಲೆ ತಗ್ಗಿಸಿ ಪಾತ್ರೆ ತೊಳೆದಳು, ಆಮೇಲೆ ಬಂಗಲೆ ಬಿಟ್ಟು ಈ ಅಂಗಡಿಗೆ ಸೇರಿ ರಿಪೇರಿ ಕಲಿತಳು. ಅವಳು ಸಿಟ್ಟಿಟ್ಟುಕೊಂಡಿರಬಹುದೆಂದು ಬಂಗಲೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಲ್ಲಿ ಅಮ್ಮಾವ್ರು ಒಂದು ಮಾತು ಹೇಳಿದರೆ ಕೆಲಸ ಆದಂತೆಯೇ.

ನಿನ್ನೆ ಓಂಕಾರಮೂರ್ತಿ ಚಹಾಕ್ಕೆ ಹೋದ ಹೊತ್ತು ನೋಡಿ ವಿಮಲಮ್ಮ ಒಬ್ಬರೇ ಅಂಗಡಿಗೆ ಬಂದಿದ್ದರು. ನಾಳೆ ಮಗ ಲ್ಯಾಪ್‌ಟಾಪ್ ತರುತ್ತಾನೆ ಎಂದು ಹೇಳಿ, ತಗ್ಗಿದ ದನಿಯಲ್ಲಿ ಇನ್ನೆರಡು ಮಾತಾಡಿ, ಬಿಗಿದ ಮುಖದಲ್ಲಿ ಹೊರಟುಹೋಗಿದ್ದರು. ಪವಿತ್ರಾಳಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಇಷ್ಟು ವರ್ಷದ ಮೇಲೆ ಆ ಮನೆಯ ಪ್ರಾಣ ತಾನಾಗಿಯೇ ಅವಳ ಕೈಗೆ ಬರುವುದಿತ್ತು.

ಈಗ ಬಂದಿತ್ತು.

ಮುಚ್ಚಳ ತೆಗೆದಳು. ಎರಡು ಫ್ಯಾನು, ತಾಮ್ರದ ಕೊಳವೆಗಳು. ಒಂದು ಮೆಮೊರಿ ಸ್ಲಾಟ್ ಖಾಲಿ. ಎರಡನೇ ಹಾರ್ಡ್ ಡಿಸ್ಕಿನ ಜಾಗವೂ ಖಾಲಿ. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಬೋರ್ಡಿಗೆ ಬೆಸೆದಿರಲಿಲ್ಲ, ಬೇಕಾದಾಗ ಕಿತ್ತು ಬೇರೆಯದು ಕೂರಿಸುವಂತೆ ಬಿಟ್ಟಿದ್ದರು. ಫ್ಯಾನಿನ ವೈರು ಬಲು ಸಪೂರ. ಸ್ಕ್ರೂಡ್ರೈವರಿನ ತುದಿ ಒಮ್ಮೆ ಜಾರಿದರೆ ಸಾಕು. ಯಾರಿಗೂ ತಿಳಿಯದು.

ಪವಿತ್ರಾಳ ಕೈ ಅಲ್ಲಿ ನಿಂತಿತು.

ವಿಮಲಮ್ಮ ಬೆಂಚಿನಿಂದ ಅರ್ಧ ಎದ್ದರು. "ನಿನ್ನೆ ಹೇಳಿದ್ದು ನೆನಪಿದೆಯಲ್ಲ?"

"ಇದೆ ಅಮ್ಮಾವ್ರೇ. ನಾನು ಯಾವುದನ್ನೂ ಮರೆತಿಲ್ಲ."

"ನೀವು ಹೆದರಬೇಡಿ," ಓಂಕಾರಮೂರ್ತಿ ಸಮಾಧಾನ ಹೇಳಿದ. "ಇವಳು ಮುಟ್ಟಿದ್ದು ಇಲ್ಲೀತನಕ ಒಂದೂ ಕೆಟ್ಟಿಲ್ಲ."

ವಿಮಲಮ್ಮನ ಮುಖ ಇನ್ನಷ್ಟು ಬಾಡಿತು.

ಪವಿತ್ರಾ ಮತ್ತೆ ಕೆಲಸ ಹಿಡಿದಳು. ಫ್ಯಾನಿನ ಬಾಯಿಗೆ ಕಂಬಳಿಯ ಜುಂಗು ಕಟ್ಟಿಕೊಂಡಿತ್ತು. ಮೋಹಿತ ಹಾಸಿಗೆ ಮೇಲಿಟ್ಟೇ ಆಡುತ್ತಾನೆ ಎಂದು ಗೊತ್ತಾಯಿತು. ಅದನ್ನು ಚಿಮುಟದಿಂದ ಎಳೆದಳು. ತಾಮ್ರದ ಅಡಿಯ, ಶಾಖ ಎಳೆಯುವ ಹಳೆಯ ಪೇಸ್ಟನ್ನು ಕೆರೆದು ಹೊಸದನ್ನು ಸವರಿದಳು. ಮೋಹಿತ ಓಂಕಾರಮೂರ್ತಿಗೆ ಹೇಳಿ ಚಿಕ್ಕಮಗಳೂರಿನಿಂದ ತರಿಸಿದ್ದ ಮೆಮೊರಿಯನ್ನು ಖಾಲಿ ಸ್ಲಾಟಿಗೆ ಒತ್ತಿದಳು. ಟಕ್ ಎಂದು ಕೂತಿತು. ಎರಡನೇ ಡಿಸ್ಕನ್ನೂ ಜೋಡಿಸಿ, ಮುಚ್ಚಳ ಕೂರಿಸಿ ಸ್ಕ್ರೂ ಹಾಕಿದಳು.

ಮೋಹಿತ ಆಟ ಶುರುಮಾಡಿದ. ಪರೀಕ್ಷೆ ಮಾಡಲು ಕೂತವನು ಏಳಲೇ ಇಲ್ಲ. ಓಂಕಾರಮೂರ್ತಿ ತರಿಸಿದ ಚಹಾ ಅವನ ಪಕ್ಕದಲ್ಲೇ ಆರಿಹೋಯಿತು. "ಚಹಾ ಕುಡಿಯೋ," ಎಂದರು ತಾಯಿ. ಅವನಿಗೆ ಕೇಳಿಸಲಿಲ್ಲ. ಒಂದು ಗಂಟೆ ಕಳೆಯಿತು, ಮತ್ತೂ ಕಳೆಯಿತು.

ಪವಿತ್ರಾ ಲ್ಯಾಪ್‌ಟಾಪಿನ ಅಡಿಗೆ ಕೈ ಕೊಟ್ಟು ನೋಡಿದಳು. ಕಾದಿರಲಿಲ್ಲ.

"ಮನೆಗೆ ಹೋದ್ಮೇಲೆ?" ವಿಮಲಮ್ಮ ಕೇಳಿದರು. "ಮನೆಗೆ ಹೋದ್ಮೇಲೆ ಏನಾದರೂ ಆಗ್ತದಾ?"

"ಏನೂ ಆಗಲ್ಲ ಅಮ್ಮಾವ್ರೇ. ಹಗಲಿಡೀ ಆಡಿದ್ರೂ ಆಫ್ ಆಗಲ್ಲ. ಸಾಲದಿದ್ರೆ ಕಾರ್ಡೂ ಬದಲಾಯಿಸ್ಬಹುದು. ವರ್ಷಗಟ್ಟಲೆ ಶಕ್ತಿ ಹೆಚ್ಚಿಸ್ತಾ ಹೋಗೋಕೆ ಅಂತಲೇ ಮಾಡಿದ್ದಾರೆ ಇದನ್ನ." ಬಂಗಲೆಯಲ್ಲಿ ಇದ್ದಷ್ಟು ದಿನವೂ ಅವಳು ಅಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ.

ಮೋಹಿತ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು, ತಾಯಿಯ ಕಡೆ ತಿರುಗಿಯೂ ನೋಡದೆ ಜೀಪಿನತ್ತ ನಡೆದ. ಮರೆತ ಚಾರ್ಜರ್ ಹಿಡಿದು ಓಂಕಾರಮೂರ್ತಿ ಅವನ ಹಿಂದೆ ಓಡಿದ.

ವಿಮಲಮ್ಮ ಮಾತ್ರ ಉಳಿದರು. ಮೇಜಿನ ಹತ್ತಿರ ಬಂದು ಅದರ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಪವಿತ್ರಾ ಮೇಜು ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೆಂಗಾದ್ರೂ ಕೆಡಿಸಿಬಿಡು ಅಂತ ನಿನ್ನೆ ಕೈಮುಗಿದು ಕೇಳ್ಕೊಂಡಿದ್ದೆನಲ್ಲೇ ಪವಿತ್ರಾ... ಅದು ಓಡ್ತಾ ಇದ್ರೆ ನನ್ನ ಮಗ ನನಗಿಲ್ಲ. ವಾಪಸ್ ತಂದುಕೊಡ್ತೀನಿ, ಇನ್ನೊಂದ್ಸಲ ಬಿಚ್ಚು."