ಗಿರಿಜತ್ತೆಯ ಮನೆ

ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೆಲ್ಲ ಅಮ್ಮ ನನ್ನನ್ನು ಪಕ್ಕದ ಗಿರಿಜತ್ತೆಯ ಮನೆಗೆ ಅಟ್ಟುತ್ತಿದ್ದಳು. ಬ್ಯಾಂಕ್ ಪರೀಕ್ಷೆಗೆಂದು ತಂದ ಇಂಗ್ಲಿಷ್ ಗ್ರಾಮರ್ ಪುಸ್ತಕ ಹಿಡಿದು, ಬಂದವರ ಕಾರು ಹೊರಡುವ ತನಕ ನಾನು ಅಲ್ಲೇ ಕೂತಿರಬೇಕು.

"ಬೆಳ್ಳಗಿರೋ ಇವಳು ಕಣ್ಣಿಗೆ ಬಿದ್ರೆ ದೊಡ್ಡವಳನ್ನ ಯಾರು ಒಪ್ತಾರೆ?" ಅಮ್ಮ ಇದನ್ನು ಅಕ್ಕನ ಎದುರಿಗೇ ಹೇಳುತ್ತಿದ್ದಳು.

ನನಗೆ ಗ್ರಾಮರ್ ಹೇಳಿಕೊಡುತ್ತಿದ್ದವಳು ಅಕ್ಕನೇ. ಕಳೆದ ವಾರ ಹೋಲಿಕೆಯ ಪಾಠ ಬಂತು. ಟಾಲ್, ಟಾಲರ್, ಟಾಲೆಸ್ಟ್ ಮುಗಿದ ಮೇಲೆ ಅಕ್ಕ ಕೇಳಿದಳು:

"ಈಗ ಫೇರರ್ ಅಂತ ಹಾಕಿ ಒಂದು ವಾಕ್ಯ ಮಾಡು. ನಾವಿಬ್ಬರೇ ಇದೀವಲ್ಲ, ಬೇರೆ ಉದಾಹರಣೆ ಯಾಕೆ?"

"ನಾನು ಮಾಡಲ್ಲ, ಹೋಗೇ."

"ಪರೀಕ್ಷೇಲೂ ಹೀಗೇ ಬಿಟ್ಟು ಬಂದ್ರೆ ಮಾರ್ಕ್ಸ್ ಯಾರು ಕೊಡ್ತಾರೆ?"

"ನಂಗೆ ಬೇಡ ಆ ಮಾರ್ಕ್ಸ್."

ಅಕ್ಕ ನಕ್ಕಳು. ಆ ವಾಕ್ಯವನ್ನು ತಾನೇ ಹೇಳಿ ಪುಟ ತಿರುಗಿಸಿದಳು.

ಇವತ್ತು ಮತ್ತೆ ಯಾರೋ ಬರುವವರಿದ್ದರು. ಊಟ ಮುಗಿಸಿ, ಪುಸ್ತಕ ಎತ್ತಿಕೊಂಡು ಎಂದಿನಂತೆ ಚಪ್ಪಲಿ ಮೆಟ್ಟುತ್ತಿದ್ದೆ. ಅಮ್ಮ ಬಾಗಿಲಿಗೆ ಅಡ್ಡ ಬಂದಳು. ಅವಳ ಕೈಯಲ್ಲಿ ಅಕ್ಕನ ಹಸಿರು ರೇಷ್ಮೆ ಸೀರೆಯಿತ್ತು.

"ನೀನೆಲ್ಲಿಗೆ ಹೊರಟೆ? ಮುಖ ತೊಳ್ಕೊಂಡು ಇದನ್ನ ಉಟ್ಕೋ."

"ಇದು ಅಕ್ಕನ ಸೀರೆ ಅಲ್ವಾ? ಅವಳೇನು ಉಟ್ಕೋತಾಳೆ?"

ಅಮ್ಮ ಸೀರೆಯನ್ನು ನನ್ನ ಹೆಗಲ ಮೇಲೆ ಹಾಕಿದಳು.

ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದು, ನನ್ನ ಕೈಯಿಂದ ಗ್ರಾಮರ್ ಪುಸ್ತಕ ತೆಗೆದುಕೊಂಡಳು.

"ಕಾರು ಹೊರಟ ಮೇಲೆ ಕರೀರಿ. ನಾನು ಗಿರಿಜತ್ತೆ ಮನೇಲಿರ್ತೀನಿ."