ಬಸಳೆ ಚಪ್ಪರದ ಕಳ್ಳ

ಹಾಕಿದ ಗಂಟು ಹಾಗೆಯೇ ಇತ್ತು. ನೈಲಾನ್ ಬಲೆಯ ಚೀಲದೊಳಗಿನ ಹಾಳೆ ಮಾತ್ರ ಇರಲಿಲ್ಲ.

ಪ್ರಾಪ್ತಿ ಚೀಲವನ್ನು ಕೊಡವಿದಳು. ಒಂದಿಷ್ಟು ಮಣ್ಣು ಉದುರಿತು, ಜೊತೆಗೊಂದು ಕೊಬ್ಬಿದ ಎರೆಹುಳ. ಪಕ್ಕದ ಗುಂಡಿ ಅಗೆದರೂ ಅದೇ ಕಥೆ.

"ಯಾರೋ ಕದ್ದಿದ್ದಾರೆ," ಎಂದಳು.

"ನಮ್ಮ ಹಿತ್ತಿಲಿಗೆ ಬಂದು, ಗುಂಡಿ ಅಗೆದು, ಹಾಳೆ ತೆಗೆದು, ಪುನಃ ಗಂಟು ಹಾಕಿ ಹೋಗುವಷ್ಟು ಪುರುಸೊತ್ತು ಯಾರಿಗುಂಟು ಮಾರಾಯ್ತಿ?" ಎಂದು ಅನ್ಸಾಫ್ ನಕ್ಕ.

ಪ್ರಾಪ್ತಿ ನಗಲಿಲ್ಲ. ಅಂಥ ಗಂಟು ಹಾಕಲು ಬರುತ್ತಿದ್ದುದು ಅನ್ಸಾಫ್‌ಗೆ ಮಾತ್ರ.

ಇಬ್ಬರೂ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳು. ಪ್ಲಾಸ್ಟಿಕ್ಕಿನ ಬದಲಿಗೆ ಹಲಸಿನ ಬೀಜದ ಹಿಟ್ಟಿನಿಂದ ಹಾಳೆ ಮಾಡುವುದು ಅವರ ಕೆಲಸ. ಪಕ್ಕದ ಕೋಣೆಯವರು ಗೇರುಬೀಜದ ಸಿಪ್ಪೆಯಿಂದ ಬ್ಯಾಟರಿ ಮಾಡಿ ಆಗಲೇ ಪೇಪರಿನಲ್ಲಿ ಫೋಟೊ ಹಾಕಿಸಿಕೊಂಡಿದ್ದರು. ಇವರ ಹಣೆಯಲ್ಲಿ ಬರೆದದ್ದು ಬೇರೆ. ಹಾಳೆಯನ್ನು ಮಣ್ಣಿನಲ್ಲಿ ಹೂಳುವುದು, ತಿಂಗಳಿಗೊಮ್ಮೆ ತೆಗೆದು ತೂಕ ನೋಡುವುದು, ಪುನಃ ಹೂಳುವುದು. ಕಾಲೇಜಿನ ಹಿಂದಿನ ಮುರಕಲ್ಲಿನ ಗಟ್ಟಿ ಕೆಂಪು ನೆಲದಲ್ಲಿ ವರ್ಷಗಟ್ಟಲೆ ಇದೇ ನಡೆಯಿತು. ತೂಕ ಕೂದಲೆಳೆಯಷ್ಟೂ ಅಲುಗಲಿಲ್ಲ.

"ನಿಮ್ಮ ಹಾಳೆ ನನ್ನ ಮೊಮ್ಮಕ್ಕಳ ಮದುವೆಗೂ ಹೀಗೇ ಇರ್ತದೆ," ಎಂದು ಮಾರ್ಗದರ್ಶಕರಾದ ಸುಬ್ಬಯ್ಯ ಸರ್ ತಮಾಷೆ ಮಾಡುತ್ತಿದ್ದರು. ಪ್ರಾಪ್ತಿಗೆ ಅಳು ಬರುತ್ತಿತ್ತು.

ಅಷ್ಟರಲ್ಲಿ ಕಾಲೇಜು ಅದೇ ಜಾಗದಲ್ಲಿ ಸಭಾಂಗಣ ಕಟ್ಟಲು ಹೊರಟಿತು. ಹಾಳೆಗಳು ಲಾಯಿಲಕ್ಕೆ, ಅನ್ಸಾಫ್‌ನ ಮನೆಯ ಬಸಳೆ ಚಪ್ಪರದಡಿಗೆ ಬಂದವು. ಈ ಸಲದ ಹಿಟ್ಟನ್ನು ಅನ್ಸಾಫ್ ಹೊಸ ಹದದಲ್ಲಿ ಕುದಿಸಿದ್ದ. ಆ ಹದ ಗೊತ್ತಿದ್ದದ್ದು ಅವನ ಕೈಗೆ ಮಾತ್ರ. ತೂಗಲು ಹಾಳೆಯೇ ಇಲ್ಲದಿದ್ದರೆ ಪರೀಕ್ಷಕರ ಮುಂದೆ ಇಡುವುದೇನು? ಇಬ್ಬರ ಡಾಕ್ಟರೇಟೂ ಮಣ್ಣುಪಾಲು.

ಈ ಊರುಗಳಲ್ಲಿ ಏನಾದರೂ ಕಳೆದುಹೋದರೆ ಪೊಲೀಸರಿಗಿಂತ ಮೊದಲು ನೆನಪಾಗುವುದು ಕೊರಗಜ್ಜ. ಚಕ್ಕುಲಿ, ವೀಳ್ಯದೆಲೆಯ ಹರಕೆ ಹೇಳಿಕೊಂಡರೆ ಕಳೆದದ್ದನ್ನು ದೈವ ಕೈಗೆ ಸೇರಿಸುತ್ತದೆ ಎಂಬುದು ನಂಬಿಕೆ. ಪ್ರಾಪ್ತಿ ಅಲ್ಲೇ ಕಣ್ಣುಮುಚ್ಚಿ ಕೈಮುಗಿದಳು. "ಅಜ್ಜ, ಹಾಳೆ ಹುಡುಕಿಕೊಡು."

"ನನ್ನ ಲೆಕ್ಕದ್ದೂ ಒಂದು ಚಕ್ಕುಲಿ ಇಡು. ಹಾಳೆ ನನ್ನದೂ ಅಲ್ವಾ?" ಎಂದ ಅನ್ಸಾಫ್.

ಅವನ ಉಮ್ಮ ಮುರ್ಶಿದಾ ಬೂತಾಯಿ ಮೀನು ತೊಳೆದ ನೀರಿನ ಪಾತ್ರೆ ಹಿಡಿದು ಬಂದರು. "ಬದಿಗೆ ನಿಲ್ಲಿ ಮಕ್ಕಳೇ, ಬಟ್ಟೆಗೆ ಹಾರ್ತದೆ," ಎಂದು ಬಸಳೆಯ ಬುಡಕ್ಕೆ ಸುರಿದು ಹೋದರು.

ಹೊಸ ಹಾಳೆಗಳನ್ನು ಹೂಳುವಾಗ ಪ್ರಾಪ್ತಿ ಒಂದು ಉಪಾಯ ಮಾಡಿದಳು. ಅನ್ಸಾಫ್ ಕೈ ತೊಳೆಯಲು ಹೋದಾಗ, ಒಂದು ಚೀಲದಲ್ಲಿ ಹಾಳೆಯ ಬದಲು ಹಾಲಿನ ಪ್ಯಾಕೆಟಿನ ತುಂಡು ಇಟ್ಟಳು. ಹೊರಗಿನ ಕಳ್ಳನಾದರೆ ಗಡಿಬಿಡಿಯಲ್ಲಿ ಅದನ್ನೂ ಒಯ್ಯಬೇಕು.

ಮುಂದಿನ ತಿಂಗಳು ಅಗೆದಾಗ ಹಾಳೆಗಳೆಲ್ಲ ಮಾಯ. ಹಾಲಿನ ಪ್ಯಾಕೆಟ್ ಮಾತ್ರ ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿತ್ತು.

ಪ್ರಾಪ್ತಿಗೆ ಇನ್ನೇನು ಬೇಕು? ಅಸಲಿ ಯಾವುದು, ನಕಲಿ ಯಾವುದು ಎಂದು ಮುಟ್ಟಿ ನೋಡಿಯೇ ಹೇಳಬಲ್ಲವನು ಒಬ್ಬನೇ. ಸಾಲದ್ದಕ್ಕೆ ಅವನ ಮಾವ ಹನೀಫಾರದ್ದು ಬಿ.ಸಿ.ರೋಡಿನಲ್ಲಿ ಪ್ಲಾಸ್ಟಿಕ್ ಕವರುಗಳ ಅಂಗಡಿ. ಹಲಸಿನ ಹಾಳೆ ಬಂದರೆ ನಷ್ಟ ಯಾರಿಗೆ? ಅನುಮಾನದ ಕಣ್ಣಿಗೆ ಹಗ್ಗವೂ ಹಾವೇ. ಅವಳು ನೆಟ್ಟಗೆ ಸುಬ್ಬಯ್ಯ ಸರ್ ಬಳಿ ಹೋದಳು. ಸರ್ ಅನ್ಸಾಫ್‌ನನ್ನು ಕರೆಸಿದರು.

ಅವನು ಜಗಳ ಮಾಡಲಿಲ್ಲ. "ನೀನು ಕಳ್ಳನನ್ನು ಹುಡುಕ್ತಾ ಇದ್ದಿ ಪ್ರಾಪ್ತಿ. ಹಾಳೆ ಎಲ್ಲಿ ಹೋಯ್ತು ಅಂತ ಹುಡುಕಿದ್ರೆ ಒಳ್ಳೆದಿತ್ತು," ಎಂದ. ಆ ವಾರವೇ ಕಾಲೇಜು ಬಿಟ್ಟ. ಹನೀಫಾ ಮಾವ ದುಬೈಯಲ್ಲಿ ಕೆಲಸ ಕೊಡಿಸಿದರು, ಪ್ಲಾಸ್ಟಿಕ್ ಚೀಲದ ಕಂಪನಿಯಲ್ಲಿ.

"ನಾನು ಹೇಳ್ಲಿಲ್ವಾ ಸರ್?" ಎಂದಳು ಪ್ರಾಪ್ತಿ.

ಅವನು ಕುದಿಸಿಟ್ಟಿದ್ದ ಹಾಳೆಗಳಲ್ಲಿ ಕೊನೆಯವು ಅವಳ ಬಳಿ ಉಳಿದಿದ್ದವು. ಈ ಸಲ ಯಾರನ್ನೂ ನಂಬಲಿಲ್ಲ. ಚೀಲಗಳ ಬಾಯಿಯನ್ನು ಕೆಂಪು ನೂಲಿನಿಂದ ತಾನೇ ಹೊಲಿದಳು. ಬಂಟ್ವಾಳದ ತನ್ನ ಮನೆಯ ಹಿತ್ತಿಲಿನಲ್ಲಿ, ಅಮ್ಮನ ಬಸಳೆ ಚಪ್ಪರದಡಿ ಹೂತು, ಗೇಟಿಗೆ ಬೀಗ ಹಾಕಿದಳು. ಕೊರಗಜ್ಜನಿಗೆ ಇನ್ನೊಮ್ಮೆ ನೆನಪು ಮಾಡಿದಳು.

ತೆಗೆಯುವ ದಿನ ಸುಬ್ಬಯ್ಯ ಸರ್ ಸಾಕ್ಷಿಗೆಂದು ಬಂದರು. ಗೇಟಿನ ಬೀಗ ಸರಿಯಾಗಿತ್ತು. ಪ್ರಾಪ್ತಿ ಮೊದಲ ಚೀಲ ಎತ್ತಿ ಅವರ ಕೈಗೆ ಕೊಟ್ಟಳು.

ಸರ್ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಕೆಂಪು ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ಒಳಗೆ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಉಳಿದ ಚೀಲಗಳೂ ಹಾಗೆಯೇ.

"ಇಲ್ಲಿಗೆ ಯಾರು ಬರ್ತಾರೆ?"

"ಅಮ್ಮ ಒಬ್ಬರೇ ಸರ್. ಮೀನು ತೊಳೆದ ನೀರು ಹಾಕ್ಲಿಕ್ಕೆ..."

ಹೇಳುತ್ತಲೇ ಅವಳಿಗೆ ಲಾಯಿಲದಲ್ಲಿ ಮುರ್ಶಿದಾ ಬಸಳೆಯ ಬುಡಕ್ಕೆ ಸುರಿದ ನೀರು ನೆನಪಾಯಿತು. ಸರ್ ಬಸಳೆಯ ದಪ್ಪ ಎಲೆಗಳನ್ನು ನೋಡಿ, ಬುಡದ ಮಣ್ಣನ್ನು ಮುಷ್ಟಿಯಲ್ಲಿ ಎತ್ತಿಕೊಂಡರು.

"ತಪ್ಪು ನನ್ನದೂ ಉಂಟು," ಎಂದರು. "ಪರೀಕ್ಷಕರು ಇನ್ನು ಒಂದೇ ಪ್ರಶ್ನೆ ಕೇಳ್ತಾರೆ, ಇದನ್ನು ಹೇಗೆ ಕುದಿಸಿದ್ದು ಅಂತ. ದುಬೈಗೆ ಫೋನ್ ಮಾಡು. ಅದನ್ನು ಕೇಳುವ ಮೊದಲು ತಪ್ಪಾಯ್ತು ಅಂತ ಹೇಳು."

ಅಡುಗೆಮನೆಯ ಕಿಟಕಿಯಿಂದ ಅಮ್ಮ ಪ್ರಫುಲ್ಲಾ ಕೂಗಿದರು. "ಹಾಳೆ ಸಿಕ್ಕಿತಾ ಮಗಾ? ಅಜ್ಜನಿಗೆ ಚಕ್ಕುಲಿ ತರುವುದಾ, ಬೇಡವಾ?"

ಮಣ್ಣಿನಲ್ಲಿ ಮಾಯವಾಗಲೆಂದೇ ಮಾಡಿದ ಹಾಳೆಯನ್ನು ಹುಡುಕಿಕೊಡೆಂದು ಅವಳು ಹರಕೆ ಹೊತ್ತಿದ್ದಳು.