ಬಿಚ್ಚುದನಿ

ಬೆಳಿಗ್ಗೆ ಡಬ್ಬಿ ಕಟ್ಟಿ, ಬಟ್ಟೆ ಒಣಹಾಕಿ, ಮಗಳನ್ನು ಮಲಗಿಸುವ ಲಾಲಿಯನ್ನು ಅತ್ತೆಯ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟು ಅವಳು ಬಸ್ಸು ಹಿಡಿದಳು. ಮದುವೆಯಾದಾಗ ಬಿಟ್ಟಿದ್ದ ಸಂಗೀತ ಕಾಲೇಜಿಗೆ ಮತ್ತೆ ಸೇರಿದ ಮೊದಲ ದಿನ.

ಮೇಷ್ಟ್ರು ಒಂದು ಸಾಲು ಹಾಡಿಸಿ, ಕೈಯೆತ್ತಿ ನಿಲ್ಲಿಸಿದರು.

"ಯಾಕಮ್ಮ ಹೀಗೆ ಪಿಸುಗುಡ್ತೀರಿ?"

"ಮಗು ಮಲಗಿಸಿ ಮಲಗಿಸಿ ರೂಢಿ ಆಗಿದೆ ಸರ್."

"ಆ ದನಿ ಇಲ್ಲಿ ನಡೆಯಲ್ಲ. ದನಿ ಬಿಚ್ಚಿ ಹಾಡಿ."

ಸಂಜೆಯವರೆಗೂ ಅವರು ಅದನ್ನೇ ಮಾಡಿಸಿದರು. ಕೊನೆಗೆ, "ಈಗ ನಿಮ್ಮ ದನಿ ಸಿಕ್ತು ನೋಡಿ" ಅಂದರು. ಖುಷಿಯಾಗಬೇಕಿತ್ತು. ವಾಪಸು ಬರುವ ಬಸ್ಸಿನಲ್ಲಿ ಅವಳಿಗೆ ಏನೂ ಅನ್ನಿಸಲಿಲ್ಲ. ಗಂಟಲು ಮಾತ್ರ ಒರಟಾಗಿತ್ತು.

ಬಂದವಳೇ ಅನ್ನಕ್ಕಿಟ್ಟು, ಪಾತ್ರೆ ತೊಳೆಯುತ್ತಾ ಅತ್ತೆಯನ್ನು ಕೇಳಿದಳು.

"ಮಧ್ಯಾಹ್ನ ಹಟ ಮಾಡಿದ್ಲಾ?"

"ಇಲ್ಲಮ್ಮ. ನಿನ್ನ ಹಾಡು ಹಾಕಿದೆ, ಮಲಗಿಬಿಟ್ಲು."

ಊಟವಾದ ಮೇಲೆ ದೀಪ ಆರಿಸಿ, ಮಗಳ ಪಕ್ಕ ಒರಗಿ, ಅದೇ ಲಾಲಿ ಶುರು ಮಾಡಿದಳು. ಮೂರು ವರ್ಷದ ಮಗಳು ಎದ್ದು ಕೂತು, ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

"ನೀನು ಬೇಡ. ಅಜ್ಜಿ ಫೋನಲ್ಲಿರೋ ಅಮ್ಮ ಹಾಡ್ಲಿ."